ಎಡಗೈ ಮಡಿಕೆ

"ಫ್ರೌ ಪಾವ್ಲಿಟ್ಸಾ, ಮಾಂಟಾ ಏಳುತ್ತಿಲ್ಲ"
ಎಂದ ಓರ್ಚುನ್, ಬಾಗಿಲಲ್ಲಿ ನಿಂತು,
ಮನೆಯಲ್ಲಿ ಯಾರಿಗೋ ಜ್ವರ ಎನ್ನುವವನ ದನಿಯಲ್ಲಿ.

ಭಾನುವಾರ. ಬೋಖುಮ್‌ನ ನಮ್ಮ ಬೀದಿಯಲ್ಲಿ
ಭಾನುವಾರ ಸುತ್ತಿಗೆ ಕೂಡ ಮೌನವ್ರತ ಹಿಡಿಯಬೇಕು.
ಮೂರನೇ ಮಹಡಿಯ ಕುಬಿಟ್ಸಾ
ಗಡಿಯಾರ ಕಟ್ಟಿಕೊಂಡೇ ಕಿಟಕಿಗೆ ಬರುವ ಆಸಾಮಿ.
ಆದರೂ ಗ್ಯಾರೇಜಿನ ಕದ ಎತ್ತಿದೆವು, ಮೆಲ್ಲಗೆ,
ಮಲಗಿದ ಮಗುವಿನ ಕೌದಿ ಸರಿಸಿದ ಹಾಗೆ.

ಹಳದಿ ಮೈ, ಕಪ್ಪು ಬಾನೆಟ್ಟು, ಎಪ್ಪತ್ತೊಂಬತ್ತರದು.
ಎರಡು ವರ್ಷ ರಾತ್ರಿ ಪಾಳಿ ಮಾಡಿ ಕೊಂಡಿದ್ದಾನೆ ಹುಡುಗ.

"ತಿರುಗಿಸು" ಎಂದೆ.
ಕೀಲಿ ಹಿಡಿದಷ್ಟು ಹೊತ್ತು ಕೆಮ್ಮಿತು, ಹತ್ತಿಕೊಂಡಿತು,
ಬಿಟ್ಟ ಕ್ಷಣ ಸತ್ತಿತು.
ಮತ್ತೆ. ಮತ್ತೆಯೂ ಅಷ್ಟೇ.
"ಪಂಪು ಹೋಗಿದೆ. ಹೊಸದಕ್ಕೆ ನೂರ ನಲವತ್ತು ಯೂರೋ.
ಟ್ಯಾಂಕ್ ಮಾತ್ರ ತುಂಬಿಸಿದ್ದೇನೆ."
ತುಂಬಿದ ಕಣಜದ ಮುಂದೆಯೂ ಉಪವಾಸ ಬೀಳಬಹುದು ಮಗೂ,
ನಾಡಿ ನೋಡದೆ ಹೆಣ ಅನ್ನಬೇಡ.

ಹಿಂದೆ ಹೋಗಿ ನೆಲಕ್ಕೆ ಮೈ ಚಾಚಿ ಕಿವಿಯಿಟ್ಟೆ
(ಎದ್ದೇಳುವ ಚಿಂತೆ ಆಮೇಲೆ).
ಕೀಲಿ ಹಿಡಿದಾಗ ಪಂಪು ಗುಂಯ್ ಎನ್ನುತ್ತದೆ,
ಬಿಟ್ಟಾಗ ಇಲ್ಲ.
ಬಡಿಸುವವನು ಇದ್ದಾನೆ;
ಎರಡನೇ ತುತ್ತಿಗೆ ಕೇಳುವವರಿಲ್ಲ.

ಈ ಕಾರಿನ ಮಡಿ ಅಂಥದ್ದು: ಮೊದಲು ಉಸಿರು, ಆಮೇಲೆ ಊಟ.
ಗಾಳಿ ಒಳಗೆ ನುಗ್ಗಿ ಒಂದು ಪುಟ್ಟ ತಗಡನ್ನು ತಳ್ಳಬೇಕು,
ತಗಡು ಅಲುಗಿದರೆ ಪಂಪಿಗೆ ಅಪ್ಪಣೆ.
ರಬ್ಬರ್ ಕೊಳವೆ ಕಳಚಿ ಬೆರಳಿನಿಂದ ನಾನೇ ಉಸಿರಾದೆ.
ಪಂಪು ಸುಮ್ಮನೆ.
ಮೂವತ್ತಾರು, ಮೂವತ್ತೊಂಬತ್ತು: ಸಾಕೆಟ್ಟಿನ ಎರಡು ಕಾಲಿಗೆ
ತುಂಡು ತಂತಿ ಬಿಗಿದೆ. ಸುಮ್ಮನೆ.
ಅದೇ ಸೇತುವೆಯನ್ನು ರಿಲೇ ಬಳಿ ಕಟ್ಟಿದೆ.
ಗುಂಯ್.

ಅಂದರೆ ಮಾತು ಹೊರಟಿದೆ, ದಾರಿಯಲ್ಲಿ ಕಳೆದಿದೆ.

ಬ್ಯಾಟರಿಯ ಬದಿಯಲ್ಲಿ ಹಾದ ತಂತಿಕಟ್ಟಿನ
ಬಟ್ಟೆ ಟೇಪು ಬಿಚ್ಚತೊಡಗಿದೆ. ಗೋಂದು ಒಣಗಿ ಜೀರಿಗೆಪುಡಿಯಾಗಿ ಉದುರಿತು.
ಟೇಪಿನ ಕೊನೆ, ಒಳಕ್ಕೆ ಮಡಚಿ, ಎಡಕ್ಕೆ ಎಳೆದು ಒತ್ತಿದ್ದು.

ಕೈ ನಿಂತಿತು.

ಆ ಹಾಲಿನಲ್ಲಿ ಎಡಗೈಯವರು ಇಬ್ಬರೇ ಇದ್ದೆವು,
ರೋಸ್ವಿಥಾ ಮತ್ತು ನಾನು.
ರೋಸ್ವಿಥಾ ನಿಧಾನಸ್ಥೆ. ಯಾವ ತಂತಿಯನ್ನೂ
ಇಷ್ಟು ಮುರಿದು ಬಗ್ಗಿಸಿದವಳಲ್ಲ.
ಐದು ನಲವತ್ತರ ಟ್ರಾಮಿಗೆ ಓಡುತ್ತಿದ್ದವಳು ನಾನು,
ಇಪ್ಪತ್ತೆರಡರ ಪ್ರಾಯ, ಆಚೆ ನಿಲ್ದಾಣದಲ್ಲಿ ಯಾರೋ ಕಾಯುತ್ತಿದ್ದ.
(ಮದುವೆಯಾದದ್ದು ಬೇರೆಯವನನ್ನು. ಆ ಮಾತು ಇಲ್ಲಿ ಬೇಡ.)

ಮಡಿಕೆಯನ್ನು ಹೊಸಕಿ ನೋಡಿದೆ:
ಹೊರಗೆ ಕೆಂಪು ಚರ್ಮ ನೆಟ್ಟಗಿದೆ,
ಒಳಗೆ ತಾಮ್ರ ತುಂಡಾಗಿ ಹಸಿರು ಹುಡಿ.

"ಯಾವನೋ ಆತುರಗೇಡಿಯ ಕೆಲಸ" ಎಂದ ಓರ್ಚುನ್.
"ಟ್ರಾಮಿಗೆ ತಡವಾಗಿತ್ತು" ಎಂದೆ.
ಅವನಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.
ಕಾರ್ಖಾನೆ ಈಗಿಲ್ಲ; ಆ ಜಾಗದಲ್ಲಿ ಪಾರ್ಸೆಲ್ ಗೋದಾಮಿದೆ,
ಅಲ್ಲೇ ಪೆಟ್ಟಿಗೆ ಎತ್ತುತ್ತಾನೆ ಅವನು,
ಅವನಿಗೂ ನಿಮಿಷಕ್ಕೆ ಲೆಕ್ಕವಂತೆ.

ಎರಡು ಅಂಗುಲ ಹೊಸ ತಂತಿ, ಬೆಸುಗೆ, ಸಡಿಲವಾಗಿ ಟೇಪು.
ಕೊನೆಯನ್ನು ಮಡಚುವಾಗ
ಎಷ್ಟು ಹೇಳಿದರೂ ಕೈ ಎಡಕ್ಕೇ ಹೋಯಿತು.

"ತಿರುಗಿಸು."
ಕೆಮ್ಮು, ಹೊಗೆ, ಆಮೇಲೆ ಇಡೀ ಗ್ಯಾರೇಜು ನಡುಗುವ ಗರ್ಜನೆ.
ಮೇಲೆ ಕಿಟಕಿ ದಡಾರನೆ ತೆರೆಯಿತು;
ಕುಬಿಟ್ಸಾ ಮಣಿಕಟ್ಟು ತೋರಿಸುತ್ತ ಏನೋ ಕೂಗುತ್ತಿದ್ದ.
ಓರ್ಚುನ್ ಇನ್ನೂ ಕೀಲಿ ಹಿಡಿದೇ ಇದ್ದ, ಬೆರಳು ಬಿಳಿಚಿ.

"ಬಿಡು" ಎಂದೆ. "ಬಿಟ್ಟು ನೋಡು."